ಸುಮ್ಮನೆ ಕೂತ ಇಪ್ಪತ್ನಾಲ್ಕು ಗಂಟೆ

ಜನವರಿ 20, ಮಂಗಳವಾರ, ಬೆಳಿಗ್ಗೆ

ಜಡೆ ಹಾಕಿಕೊಳ್ಳುವಾಗ ಕನ್ನಡಿಯಲ್ಲಿ ಕಂಡಿತು — ಕೊರಳ ಗುಳಿಯ ಚರ್ಮ ಕಪ್ಪೆಯ ಗಂಟಲಿನ ಹಾಗೆ ಪಟಪಟ ಬಡಿಯುತ್ತಿದೆ. ಬಿದ್ದ ಪಿನ್ನು ಬಗ್ಗಿ ಎತ್ತಿಕೊಂಡೆ, ಅಷ್ಟೇ. ಸ್ವಿಚ್ ಹಾಕಿದಂತೆ ಎದೆಬಡಿತದ ಓಟ ಶುರು. ಸ್ವಲ್ಪ ಹೊತ್ತಿಗೆ ಸ್ವಿಚ್ ತೆಗೆದಂತೆ ಬಂದ್.

ಹೋದ ವಾರ ಕಮಲಾಪುರದ ಕಾಲೇಜಿನಲ್ಲಿ, ಹುಡುಗರಿಗೆ ಪಾಠ ಹೇಳುವಾಗ ಹೀಗೇ ಆಗಿ ಕುಸಿದು ಕೂತಿದ್ದೆ. ಅಂದಿನಿಂದ ಮನೆಯಲ್ಲಿ ಒಂದೇ ತೀರ್ಪು. ಅಣ್ಣ ಅಜಿತ ದಾದಾನದು:

"ಹುಡುಗೋರ ಮುಂದ ನಿಂದರಾಕ ಅಂಜ್ತಾಳ. ನೌಕರಿ ಬಿಡು ಅಂದ್ರ ಕೇಳಂಗಿಲ್ಲ."

ಅಂಜಿಕೆ ನನಗೆ ಗೊತ್ತಿಲ್ಲವೇ? ಹುಟ್ಟಿದಾಗಿನಿಂದ ಜೊತೆಗಿದೆ. ಅದು ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಇದು ಬೇರೆ. ಕೇಳುವವರು ಯಾರು...

ಜನವರಿ 22, ಗುರುವಾರ

ಆಸ್ಪತ್ರೆ. ಇಸಿಜಿ ನಾರ್ಮಲ್ — ಆ ಹೊತ್ತಿಗೆ ಬಡಿತವೂ ನಾರ್ಮಲ್ ಇತ್ತಲ್ಲ! ಡಾಕ್ಟರ್ ಹಾಜಿರಾ ಮಾತ್ರ ಪೂರ್ತಿ ಕೇಳಿದರು.

"ನೋಡಮ್ಮಾ, ಕರೆಂಟ್ ಹೃದಯದಾಗ ತಾನ ಹುಟ್ತದ. ನರಗೋಳು ಬರೇ ಜೋರು ಹೋಗು, ಸಾವಕಾಶ ಹೋಗು ಅಂತಾವ. ಅಂಜಿದ್ರ ಜೋರು ಅನ್ನೋ ನರದ್ದು ನಡೀತದ. ನಿಂದು ಹಂಗ ಕಾಣಂಗಿಲ್ಲ. ಕೆಳಗ ಇಳಿಯೋ ಕರೆಂಟಿಗೆ ಇನ್ನೊಂದು ದಾರಿ ಇದ್ರ, ವಾಪಸ್ ಮ್ಯಾಲ ಬಂದು ಅಲ್ಲೇ ಗಿರ್ಕಿ ಹೊಡೀತದ. ಹಿಡದ್ರ ಇಲಾಜು ಅದ."

ಎದೆಗೆ ವೈರು ಅಂಟಿಸಿ ಸೊಂಟಕ್ಕೆ ಹೋಲ್ಟರ್ ಎಂಬ ಡಬ್ಬಿ ಕಟ್ಟಿದರು. ನಾಳೆ ಈ ಹೊತ್ತಿನವರೆಗೆ ಪ್ರತಿ ಬಡಿತವೂ ಅದರಲ್ಲಿ ದಾಖಲು. "ದಿನಾ ಇದ್ದಂಗ ಇರು. ಕೆಲಸಕ್ಕ ಹೋಗು," ಎಂದರು.

ಮನೆಗೆ ಬಂದರೆ, ಹೆತ್ತ ಕರುಳಲ್ಲವೇ, ಆಯಿ ಹಾಸಿಗೆ ಹಾಸಿಯೇ ಇಟ್ಟಿದ್ದಾಳೆ.

"ಮಷಿನ್ ಹಾಕ್ಯಾರ, ಅಲುಗಾಡಬ್ಯಾಡ. ರಿಪೋರ್ಟ್ ಖರಾಬ್ ಬಂದ್ರ?"

"ಆಯಿ, ಖರಾಬ್ ಬರ್ಲಿ ಅಂತನ ಹಾಕ್ಯಾರ!"

"ಅಯ್ಯ, ಬಾಯಿಗಿ ಬಂದದ್ದು ಮಾತಾಡಬ್ಯಾಡ. ಮಕ್ಕೋ."

ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ.

ಜನವರಿ 28, ಬುಧವಾರ

ರಿಪೋರ್ಟು ಚೊಕ್ಕ. ಇಡೀ ದಿನ ಮಲಗಿದವಳ ಹೃದಯ ಇನ್ನೇನು ಮಾಡೀತು? ಆಯಿ ಓಣಿಗೆಲ್ಲ ಪೇಢೆ ಹಂಚಿದಳು. ಪೇಢೆ!

"ನಾ ಅನ್ನಲಿಲ್ಲೇನು? ಬರೇ ಅಂಜಿಕಿ," ಎಂದ ದಾದಾ. "ಇನ್ನ ಬರಂಗಿಲ್ಲ ಅಂತ ಪ್ರಿನ್ಸಿಪಾಲರಿಗಿ ನಾಳಿ ನಾನ ಹೇಳ್ತೀನಿ."

ನಾನು? ಪೇಢೆ ತಿಂದೆ. ಥೂ.

ಅದೇ ದಿನ, ಸಂಜೆ

ಮಾಳಿಗೆ ಹತ್ತಿ ಪ್ರಿನ್ಸಿಪಾಲರಿಗೆ ನಾನೇ ಫೋನ್ ಮಾಡಿದೆ. ದನಿ ನಡುಗಿತು, ನಡುಗಲಿ.

"ನಾಳಿ ಬರ್ತೀನ್ರಿ ಸರ್. ಮೈಮ್ಯಾಲ ಒಂದು ಮಷಿನ್ ಇರ್ತದ. ಹುಡುಗೋರು ನಗ್ತಾರೇನೋ..."

"ಅವರು ನೀವು ಬರದಿದ್ರೂ ನಗ್ತಾರ್ರಿ. ಬರ್ರಿ ಮೇಡಂ, ಪಾಠ ಹಂಗ ಉಳದಾವ."

ಡಾಕ್ಟರಿಗೂ ಹೇಳಿಯಾಯಿತು. ನಾಳೆ ಬೆಳಿಗ್ಗೆ ಮತ್ತೆ ಡಬ್ಬಿ ಕಟ್ಟಿಸಿಕೊಳ್ಳುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬರುವುದಿಲ್ಲ. ನೇರ ಬಸ್ ಸ್ಟ್ಯಾಂಡು. ಆಯಿಗೆ ಕಮಲಾಪುರ ಮುಟ್ಟಿದ ಮೇಲೆಯೇ ಹೇಳುವುದು.