ಕತ್ತರಿ ತಪ್ಪಿದಾಗ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಮಗನೇ,

ನಿನ್ನ ಸೊಂಟನೋವು ಹೇಗಿದೆ? ಗೋದಾಮಿನಲ್ಲಿ ಭಾರ ಎತ್ತುವಾಗ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಅಲ್ಲಿಯೂ ನಿನ್ನದೇ ಹಟವೋ? ನನ್ನ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಕೇಳಿಸಿಕೊಳ್ಳುವ ಮೊದಲೇ ಕೂಗುತ್ತೀಯ. ಕಾಗದ ಓದುವವನು ನಡುವೆ ಬಾಯಿ ಹಾಕಲಾರ. ನಿನ್ನ ಹೆಂಡತಿ ಇದರ ಫೋಟೊ ತೆಗೆದು ಈಗಲೇ ನಿನಗೆ ಕಳಿಸುತ್ತಾಳೆ.

ನಿನ್ನ ಮಗಳ ವಿಷಯ. ಯಾರೋ ಗೊತ್ತಿಲ್ಲದವರು ಮೆಸೇಜ್ ಮಾಡುತ್ತಿದ್ದಾರೆ ಎಂದು ಹೋದ ವರ್ಷ ಅವಳು ಮೊದಲು ಹೇಳಿದ್ದು ನಿನಗೆ. ನೀನೇನಂದೆ? "ನೀನೇ ಏನೋ ಮಾಡಿರ್ತೀಯ, ಸುಮ್‌ಸುಮ್ನೆ ಯಾಕೆ ಬರ್ತಾರೆ?" ಫೋನನ್ನೂ ಕಿತ್ತಿಡಿಸಿದೆ. ಪರೀಕ್ಷೆಯ ಓದಿಗೆಂದು ಫೋನು ಮರಳಿ ಬಂತು. ಅವಳ ಬಾಯಿ ಮಾತ್ರ ಮುಚ್ಚಿಕೊಂಡೇ ಉಳಿಯಿತು. ಈ ಸಲ ಒಬ್ಬ, ಅವಳ ವಯಸ್ಸಿನ ಹುಡುಗಿಯ ವೇಷದಲ್ಲಿ ಬಂದ. ಗೆಳತಿಯಾದ, ಅತ್ತು ಕರೆದು ಗುಟ್ಟು ಹೇಳಿಕೊಂಡ, ಒಂದು ಫೋಟೊ ಕೇಳಿ ಪಡೆದ. ಆಮೇಲೆ ಎಂಥ ಫೋಟೊಗಳನ್ನು ಕೇಳತೊಡಗಿದ ಎಂಬುದನ್ನು ನನ್ನ ಕೈಯಿಂದ ಬರೆಯಲಾರೆ. "ಕಳಿಸದಿದ್ದರೆ ಮೊದಲಿನದನ್ನು ನಿನ್ನಪ್ಪನಿಗೆ ತೋರಿಸುತ್ತೇನೆ," ಎಂದನಂತೆ ಅವಳಿಗೆ. ಶಾಲೆಯವರಿಗಲ್ಲ, ನೆರೆಯವರಿಗಲ್ಲ, ನಿನಗೆ. ಆ ನೀಚ ನನ್ನ ಮೊಮ್ಮಗಳನ್ನು ಹೆದರಿಸಲು ಹಿಡಿದ ಬೆತ್ತ ನೀನು.

ನನ್ನ ಅಂಗಡಿಯ ಕಟ್ಟಳೆ ನಿನಗೆ ಗೊತ್ತು. ಕತ್ತರಿ ತಪ್ಪಿ ಬಟ್ಟೆ ಕೆಟ್ಟರೆ, ಮುಚ್ಚಿಡದೆ ಬಂದು ಹೇಳಿದವರಿಗೆ ಬೈಗುಳವಿಲ್ಲ, ಕೂತು ಸರಿಪಡಿಸುತ್ತೇವೆ. ಮೊನ್ನೆ ಕೆಲಸದವರು ಊಟಕ್ಕೆ ಎದ್ದ ಮೇಲೆ ಅವಳು ಮೇಜಿನ ಪಕ್ಕ ಬಂದು ನಿಂತಳು. "ಅಜ್ಜಿ, ನಂದೊಂದು ಕತ್ತರಿ ತಪ್ಪಿದೆ," ಎಂದಳು. ಕೈಯಲ್ಲಿ ಬಟ್ಟೆ ಇರಲಿಲ್ಲ, ಫೋನಿತ್ತು. ಕೇಳುತ್ತಾ ನನಗೂ ಮೈ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಕೆಲಸದವರಿಗೊಂದು ನ್ಯಾಯ, ಮೊಮ್ಮಗಳಿಗೊಂದು ನ್ಯಾಯ ಮಾಡುವ ಹೆಂಗಸಲ್ಲ ನಾನು. ಅವಳು ಎಲ್ಲವನ್ನೂ ಅಳಿಸಲು ಹೊರಟಿದ್ದಳು, ಬೇಡವೆಂದೆ. ಕೆಟ್ಟ ಬಟ್ಟೆಯ ಚೂರುಗಳನ್ನು ಎಸೆದರೆ ಯಾವುದು ಎಲ್ಲಿಯದೆಂದು ತಿಳಿಯುವುದು ಹೇಗೆ? ಅವನಿಗೆ ಉತ್ತರ ಕೊಡಬೇಡ ಎಂದು ಹೇಳಿ, ನಿನ್ನ ಹೆಂಡತಿಯನ್ನು ಕರೆಸಿ, ಮೂವರೂ ಠಾಣೆಗೆ ಹೋದೆವು. ಅಲ್ಲಿನ ಮಹಿಳಾ ಅಧಿಕಾರಿ ಎಲ್ಲವನ್ನೂ ನೋಡಿ ದೂರು ಬರೆದುಕೊಂಡರು. ಅವನಿನ್ನೂ ಸಿಕ್ಕಿಲ್ಲ. ಫೋನು ಅವಳ ಹತ್ತಿರವೇ ಇದೆ. ಮತ್ತೆ ಕಿತ್ತಿಡಿ ಎಂದು ನೀನು ಹೇಳಿದರೆ ಕೇಳುವವರು ಈ ಮನೆಯಲ್ಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಎಷ್ಟು ಸಿಟ್ಟಿದ್ದರೂ ನಿನಗೆ ಕೆಟ್ಟದಾಗಲಿ ಎನ್ನಲು ನನ್ನ ನಾಲಿಗೆ ಏಳದು, ಒಳ್ಳೆಯದೇ ಆಗಲಿ.

ನಿನ್ನಮ್ಮ

ಅಂದ ಹಾಗೆ, ಅವಳ ಶಾಲೆ ಯಾವುದು, ನಮ್ಮ ಅಂಗಡಿ ಯಾವ ಬೀದಿಯಲ್ಲಿದೆ, ಎಲ್ಲವೂ ಅವನಿಗೆ ಗೊತ್ತಿತ್ತು. ಅವಳು ಹೇಳಿರಲಿಲ್ಲ. ಬಹುಮಾನ ಹಿಡಿದು ಶಾಲೆಯ ಫಲಕದ ಕೆಳಗೆ, ಅಂಗಡಿಯ ಬಾಗಿಲಲ್ಲಿ ಅವಳು ನಿಂತ ಫೋಟೊಗಳನ್ನು ಲೋಕವೆಲ್ಲ ನೋಡಲೆಂದು ಇಂಟರ್ನೆಟ್ಟಿನ ನಿನ್ನ ಪುಟದಲ್ಲಿ ಹಾಕಿದವನು ನೀನು. ಅವಳಿಗೆ ಇದು ತಿಳಿದಿದೆ. "ಅಪ್ಪಂಗೆ ಹೇಳ್ಬೇಡ ಅಜ್ಜಿ, ಬೇಜಾರ್ ಮಾಡ್ಕೋತಾರೆ," ಎಂದಳು. ನಾನು ಹೇಳುತ್ತಿದ್ದೇನೆ. ಮೊದಲು ಆ ಫೋಟೊಗಳನ್ನು ತೆಗೆದುಹಾಕು. ಆಮೇಲೆ ಅವಳಿಗೆ ಫೋನ್ ಮಾಡು.