ಕರವಸ್ತ್ರದಲ್ಲಿ ಬಂದ ಅಮ್ಮ

ಅಜ್ಜಂಪುರ
೧೨-೨-೧೯೮೧

ಪ್ರೀತಿಯ ತಮ್ಮ ಪುಟ್ಟಯ್ಯನಿಗೆ,

ಮೊನ್ನೆ ಮಂಗಳವಾರ, ಹತ್ತನೇ ತಾರೀಖು, ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯನಿಗೆ ನಮ್ಮ ಬೀದಿ ಆರತಿ ಎತ್ತಿತು. ಒದ್ದಾಡಿದವನು ನಮ್ಮ ತಂಗಿ ದ್ಯಾವಮ್ಮನ ಗಂಡ ಹೊನ್ನಯ್ಯ. ಆರತಿ ಎತ್ತಿಸಿದವನು ನಿನ್ನ ಮಾವ ರಂಗಪ್ಪ. ಕೋಪದಲ್ಲಿ ನಿನ್ನ ಆರೋಗ್ಯ ಕೇಳುವುದನ್ನೇ ಮರೆತೆ ನೋಡು. ಹುಬ್ಬಳ್ಳಿಯ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಮಗು ಹೆಜ್ಜೆ ಇಡುತ್ತಿದೆಯೇ?

ಹೊನ್ನಯ್ಯ ತನ್ನ ಸೈಕಲ್ ಶಾಪಿನಲ್ಲಿ ಪಂಕ್ಚರಿಗೆ ಹಚ್ಚುವ ಸಲೂಷನ್ನನ್ನು ಕರವಸ್ತ್ರಕ್ಕೆ ಹಿಂಡಿ ಮೂಸುವುದು ದ್ಯಾವಮ್ಮನಿಗೆ ಗೊತ್ತಿತ್ತು. ಅದನ್ನು ಅವನಿಗೆ ಮಾರುವ ರಂಗಪ್ಪನಿಗೂ ಗೊತ್ತಿತ್ತು. ಅಂದು ಹೊನ್ನಯ್ಯ ತೂರಾಡುತ್ತ ಬೀದಿಗೆ ಬಂದ. ಕಣ್ಣು ಕೆಂಪು, ನಾಲಿಗೆ ತೊದಲು, ಏದುಸಿರು, ಯಾರಿಗೂ ಕಾಣದ್ದನ್ನು ನೋಡಿ ನಗು. "ಅಮ್ಮ ಬಂದವ್ಳೆ ಕಣ್ರೋ, ದಾರಿ ಬಿಡ್ರೋ!" ಎಂದು ಕೂಗಿದ ರಂಗಪ್ಪ ಆರತಿ ತಟ್ಟೆ ತರಿಸಿ ಎತ್ತಿಸಿದ. ಇಷ್ಟೆಲ್ಲ ಓದಿದ ನನ್ನ ಕೈಯೂ ತಾನಾಗಿ ಮುಗಿಯಿತು. ಆ ಮುಖ ಹಾಗಿತ್ತು ಕಣೋ. ದ್ಯಾವಮ್ಮ ಓಡಿ ಬಂದವಳೇ, "ಯಾವ ಅಮ್ಮನ್ರೀ? ಟೂಬಿಗೆ ಹಚ್ಚೋ ಸಲೂಷನ್ ಅದು! ನಮ್ಮನೇಲಿ ದಿನಾ ಬತ್ತಾಳೆ ಈ ಅಮ್ಮ!" ಎಂದಳು. ಅಷ್ಟರಲ್ಲಿ ಹೊನ್ನಯ್ಯ ವಾಂತಿ ಮಾಡಿಕೊಂಡು ಬಿದ್ದ, ತುಟಿ ನೀಲಿಯಾಯಿತು.

ಲಾರಿಯಲ್ಲಿ ತರೀಕೆರೆ ಆಸ್ಪತ್ರೆಗೆ ಒಯ್ದೆವು. ಆ ಆವಿ ಮೂಗು ಸೇರಿದ ಕ್ಷಣಗಳಲ್ಲೇ ರಕ್ತಕ್ಕೆ ಇಳಿದು ಮಿದುಳಿಗೆ ಏರುತ್ತದಂತೆ. ಅಮಲು ಕಾಲು ಗಂಟೆ ನಿಲ್ಲುವುದೂ ಕಷ್ಟ. ಇಳಿದೊಡನೆ ಮತ್ತೆ ಮೂಸುವ ಆಸೆ. ಹೃದಯದ ಬಡಿತ ತಪ್ಪಿದರೆ ಮೊದಲನೇ ಸಲವೇ ಪ್ರಾಣ ಹೋಗಬಹುದು ಎಂದರು ಡಾಕ್ಟರು. ಬೆರಳುದ್ದದ ಟ್ಯೂಬಿನೊಳಗೆ ಇಷ್ಟು ಶಕ್ತಿಯೇ! ಐವತ್ತೆಂಟರಲ್ಲಿ ಅಪ್ಪನ ಬೆನ್ನಿನ ಗಡ್ಡೆ ಕೊಯ್ಯುವಾಗ ಮೂಗಿಗೆ ಕ್ಲೋರೋಫಾರಂ ಬಟ್ಟೆ ಹಿಡಿದಿದ್ದರು, ನಿನಗೆ ನೆನಪಿರಲಾರದು. ಆಗ ಒಬ್ಬರು ನಾಡಿ ಹಿಡಿದೇ ಕೂತಿದ್ದರು. ಹೊನ್ನಯ್ಯನ ನಾಡಿಯನ್ನು ಯಾರು ಹಿಡಿದಿದ್ದರು? ನಿಂತೇಹೋದಂತಿದ್ದ ಎದೆ ಮತ್ತೆ ಏರಿ ಇಳಿದಾಗ, ಉಸಿರು ಎಂಬುದನ್ನು ನಾನು ಮೊದಲ ಸಲ ನೋಡಿದೆ ಅನ್ನಿಸಿತು.

ಮನೆಯವರಿಗೆಲ್ಲ ನನ್ನ ಆಶೀರ್ವಾದ ತಿಳಿಸು. ಮಗುವಿಗೊಂದು ಮುತ್ತು.

ನಿನ್ನ ಅಣ್ಣ,
ಹನುಮಂತಯ್ಯ

ತಾ.ಕ.: ಹೊನ್ನಯ್ಯ ಮನೆಗೆ ಬಂದಿದ್ದಾನೆ. ಬರುವ ಮಂಗಳವಾರ ಅವನ ಮೈಮೇಲೆ ಮತ್ತೆ ಅಮ್ಮನನ್ನು ಬರಿಸಿ ಅಪ್ಪಣೆ ಕೇಳಿಸುವುದಾಗಿ ರಂಗಪ್ಪ ಊರೆಲ್ಲ ಸಾರಿದ್ದಾನೆ. ಹೊನ್ನಯ್ಯನೂ ಹೂಂ ಅಂದಿದ್ದಾನೆ. ದ್ಯಾವಮ್ಮ ಊಟ ಬಿಟ್ಟಿದ್ದಾಳೆ. ನೀನು ಸೋಮವಾರವೇ ರೈಲು ಹತ್ತು. ಸೇರಿದ ಜನರೆದುರೇ ನಿನ್ನ ಮಾವನನ್ನು ಕೇಳುತ್ತೇನೆ, ನೀನು ನನ್ನ ಪಕ್ಕದಲ್ಲಿ ನಿಂತಿರಬೇಕು: ಅದು ಏನೆಂದು ಗೊತ್ತಿದ್ದೂ ಆರತಿ ಎತ್ತಿಸಿದ್ದು ಯಾಕೆ? ಅವನು ಊರಿಗೆಲ್ಲ ಕೇಳುವ ಹಾಗೆ ಉತ್ತರ ಹೇಳಲಿ.