ನಿಮಗೆ ಕೇಳಿಸಿದ ಆ ಕೂಗು

ರೀ,

ಕ್ಯಾಟ್‌ಸ್ಕಿಲ್ ಬೆಟ್ಟದ ಆ ಹಳ್ಳಿಮನೆ ನೆನಪಿದೆಯಾ? ಎಪ್ಪತ್ತೊಂದರ ಥ್ಯಾಂಕ್ಸ್‌ಗಿವಿಂಗ್ ರಜೆ. ನಾನು ಮದುವೆಯಾಗಿ ನಿಮ್ಮ ಯೂನಿವರ್ಸಿಟಿಯಿದ್ದ ಪಿಸ್ಕಾಟವೇಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಿಮ್ಮ ಪ್ರೊಫೆಸರ್ ಬೀಗದ ಕೈ ಕೊಟ್ಟು, ಅಲ್ಲಿ ಜಿಂಕೆ ಬೇಟೆಯ ಸೀಸನ್, ಹೊರಗೆ ಹೋಗಬೇಡಿ, ಹೋಗಲೇಬೇಕಾದರೆ ಜಿಂಕೆಯಲ್ಲ, ಮನುಷ್ಯರೆಂದು ದೂರದಿಂದಲೇ ಗೊತ್ತಾಗುವಂತೆ ಗೂಟದಲ್ಲಿರುವ ಕೆಂಪು ಟೋಪಿ ಹಾಕಿಕೊಳ್ಳಿ ಎಂದಿದ್ದರು. ನೀವು ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹಾಕ್ಕೊಂಡ್ರೆ ಜಿಂಕೆನೂ ನಗುತ್ತೆ" ಎಂದು ಮತ್ತೆ ಗೂಟಕ್ಕೇ ಸಿಕ್ಕಿಸಿದಿರಿ.

ಮೊದಲ ದಿನ ಕಟ್ಟಿಗೆ ಒಲೆಯ ಮುಂದೆ ಒಂದೇ ಕಂಬಳಿ ಹೊದ್ದು ಕೂತಿದ್ದೆವು. ಕಿಟಕಿಯಾಚೆ ಹಿಮ ಸುಮ್ಮನೆ ಬೀಳುತ್ತಿತ್ತು. ಮಧ್ಯಾಹ್ನವೋ ಸಂಜೆಯೋ ಗೊತ್ತಾಗದಂಥ ಬೆಳಕು. ದೂರದಲ್ಲಿ ಆಗಾಗ ಯಾರೋ ದಡಕ್ಕನೆ ಬಾಗಿಲು ಹಾಕಿದಂತೆ ಗುಂಡಿನ ಸದ್ದು, ಮತ್ತೆ ಮೌನ. ತಿಳಿಸಾರು ಕುಡಿಯುತ್ತ, ನಿದ್ದೆಗೆ ಜಾರುತ್ತ, ಎಚ್ಚರಾಗುತ್ತ... ಆವತ್ತೇ ಅಲ್ಲವೇ ನೀವು ಅತ್ತೆಯವರ ಮಾತೆತ್ತಿದ್ದು? ಆ ಬೇಸಿಗೆಯಲ್ಲಿ ಮೈಸೂರಿನಿಂದ ಟೆಲಿಗ್ರಾಂ ಬಂದಾಗ ಎಲ್ಲ ಮುಗಿದುಹೋಗಿತ್ತು. ನಿಮಗೆ ಹೋಗಲಾಗಲಿಲ್ಲ, ನೀವು ಅಳಲೂ ಇಲ್ಲ. ಅಮ್ಮ ಹಿತ್ತಲಲ್ಲಿ ನಿಂತು "ನಾಗೂ..." ಎಂದು ಎಳೆದು ಕರೆಯುತ್ತಿದ್ದ ಬಗೆಯನ್ನು ಹೇಳುವಾಗಲೂ ನಿಮ್ಮ ಕಣ್ಣು ಒಣಗಿಯೇ ಇತ್ತು. ನನಗೆ ಅದರದ್ದೇ ಭಯ.

ಮರುದಿನ ಬೆಳಗ್ಗೆ ಸೌದೆ ತರಲು ಹೊರಟಿರಿ. ಜಿಂಕೆ ಬಣ್ಣದ ಕಂದು ಕೋಟು, ತಲೆಗೆ ಏನೂ ಇಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ನೀವು ಸೌದೆ ರಾಶಿಯ ಹಿಂದೆ ಬಗ್ಗಿದ್ದೀರಿ, ಬೇಲಿಯಾಚೆ ಬೇಟೆಗಾರನೊಬ್ಬ ನಿಮ್ಮ ಬೆನ್ನಿಗೇ ಬಂದೂಕು ಎತ್ತುತ್ತಿದ್ದಾನೆ. "ರೀ" ಎಂದು ಕರೆಯೋಣವೆಂದರೆ ಅದು ಊಟಕ್ಕೆ ಏಳಿಸುವ ಮಾತು, ಅಷ್ಟು ದೂರ ಎಲ್ಲಿ ಕೇಳಿಸಬೇಕು? ಗಂಡನ ಹೆಸರನ್ನು ನಮ್ಮಮ್ಮನಾಗಲಿ ಅಜ್ಜಿಯಾಗಲಿ ಬಾಯಲ್ಲಿ ಆಡಿದವರಲ್ಲ. ಕಿಟಕಿ ಮೇಲೆತ್ತಿ ಕೂಗಿಬಿಟ್ಟೆ, "ನಾಗೂ..." ಎಂದು. ನೀವು ನೆಟ್ಟಗೆ ನಿಂತಿರಿ. ಆತ ಬಂದೂಕು ಇಳಿಸಿ, ತಪ್ಪಾಯಿತೆಂಬಂತೆ ಕೈಯೆತ್ತಿ, ಮರಗಳ ನಡುವೆ ಹೊರಟುಹೋದ. ನೀವು ನೋಡುತ್ತಿದ್ದದ್ದು ಮನೆಯ ಕಡೆಗಲ್ಲ, ಆಕಾಶದ ಕಡೆಗೆ.

ಒಳಗೆ ಬಂದವರು ಸೌದೆ ತಬ್ಬಿಕೊಂಡೇ ನೆಲದ ಮೇಲೆ ಕೂತಿರಿ. "ಅಮ್ಮ ಕರೆದ್ಲು ಕಣೆ. ಸ್ಪಷ್ಟವಾಗಿ ಕೇಳಿಸ್ತು" ಎಂದು ಬಿಕ್ಕಿ ಬಿಕ್ಕಿ ಅತ್ತಿರಿ. ನಾನು ಬಾಯಿ ತೆರೆದಿದ್ದೆ. ಆದರೆ ಅಷ್ಟು ತಿಂಗಳಿಂದ ಕಟ್ಟಿಕೊಂಡಿದ್ದ ಅಳು ಆಗಷ್ಟೇ ಹೊರಬಂದಿರುವಾಗ ಹೇಗೆ ಹೇಳಲಿ? "ಹೌದಾ?" ಎಂದು ಕೇಳಿ, ಎದ್ದುಹೋಗಿ ಕಿಟಕಿ ಮುಚ್ಚಿದೆ.

ಆಮೇಲೆ ಯುಗಾದಿಗೆ ನಮ್ಮವರೆಲ್ಲ ಸೇರಿದಾಗಲೆಲ್ಲ ನಿಮ್ಮದು ಅದೇ ಕಥೆ. "ನಮ್ಮಮ್ಮ ಸತ್ತಮೇಲೂ ಕೂಗಿ ನನ್ನ ಲೈಫ್ ಸೇವ್ ಮಾಡಿದ್ಲು." ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಚಿತ್ರಾನ್ನ ಬಡಿಸುತ್ತ, ಹೆಂಡತಿಯ ದನಿ ಗುರುತಿಸಲಾರದ ಮಹಾನುಭಾವ ಎಂದುಕೊಳ್ಳುತ್ತಿದ್ದೆ. ಅತ್ತೆಯವರ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ ಹೇಳಲಿ?

ನಿನ್ನೆ ಫೋನಿನಲ್ಲಿ ಮಗಳು ಕೇಳಿದಳು, "ಮಾಮ್, ಡಿಡ್ ಅಜ್ಜಿ ರಿಯಲಿ ಕಾಲ್ ಹಿಮ್?" ಎಂದು. "ಕರೆದ್ರು ಕಣೆ, ನನಗೂ ಕೇಳಿಸ್ತು" ಎಂದೆ. ಅವಳ ಪಾಲಿಗೆ ಅದು ಹಾಗೆಯೇ ಇರಲಿ. ನಾನಿರುವವರೆಗೆ ಬಾಯಿ ಬಿಡುವುದಿಲ್ಲ. ಆದರೆ ನೀವೀಗ ಅತ್ತೆಯವರ ಹತ್ತಿರವೇ ಇದ್ದೀರಲ್ಲ. ಆ ವಿಷಯ ಎತ್ತಿಯೇ ಇರುತ್ತೀರಿ. "ನಾನೆಲ್ಲಿ ಕರೆದೆ, ಮಗಾ?" ಎಂದು ಅವರು ಕೇಳಿದ್ದರೆ ಗಾಬರಿಯಾಗಬೇಡಿ. ಕೂಗಿದ್ದು ನಾನು.